ಅಡಿಕೆ, ತೆಂಗು ಮತ್ತು ಒಂದು ಬಟ್ಟಲು ಚಹಾ

ಚೀನೀ ಸಂಪ್ರದಾಯದ ಮದುವೆಗೆ ಮೂರು ಪತ್ರ, ಆರು ಶಾಸ್ತ್ರ. ಹೆಣ್ಣು ಕೇಳಲು ಹೋಗುವುದು, ಹುಡುಗಿಯ ಹೆಸರು ಮತ್ತು ಹುಟ್ಟಿದ ಗಳಿಗೆ ಕೇಳುವುದು, ಕೂಡಿಬಂದಿದೆ ಎಂದು ತಿಳಿಸುವುದು, ಉಡುಗೊರೆ ಒಪ್ಪಿಸಿ ಸಂಬಂಧ ಗಟ್ಟಿ ಮಾಡುವುದು, ದಿನ ಗೊತ್ತುಪಡಿಸುವುದು, ಗಂಡು ತಾನೇ ಹೋಗಿ ಮದುಮಗಳನ್ನು ಕರೆತರುವುದು: ಇವೇ ಆ ಆರು. ಎರಡು ಸಾವಿರ ವರ್ಷಕ್ಕೂ ಹಳೆಯದಾದ ‘ಯಿ ಲಿ’ ಎಂಬ ಆಚಾರಗ್ರಂಥದಲ್ಲಿ ಈ ಕ್ರಮವನ್ನು ಬರೆದಿಟ್ಟಿದ್ದಾರೆ. ಉಡುಗೊರೆಯ ಶಾಸ್ತ್ರವೊಂದನ್ನು ಬಿಟ್ಟು ಉಳಿದ ಐದಕ್ಕೂ ಗಂಡಿನ ಕಡೆಯವರು ಹೆಬ್ಬಾತನ್ನು ಕೊಂಡೊಯ್ಯಬೇಕಿತ್ತು. ಕಾಲ ತಪ್ಪದೆ ವಲಸೆ ಹೋಗಿ ಬರುವ, ಜೋಡಿ ಬಿಡದ ಹಕ್ಕಿ ಎಂಬುದು ಅದಕ್ಕೆ ಕಾರಣ. ಮೂರು ಪತ್ರಗಳಲ್ಲಿ ಮೊದಲನೆಯದು ನಿಶ್ಚಿತಾರ್ಥದ್ದು, ಎರಡನೆಯದು ಉಡುಗೊರೆಗಳ ಪಟ್ಟಿ, ಮೂರನೆಯದು ಮದುಮಗಳನ್ನು ಮನೆಗೆ ಕರೆದುಕೊಳ್ಳುವ ದಿನ ಕೈಗೆ ಕೊಡುವಂಥದ್ದು. ಮುಳಬಾಗಿಲು ಅಥವಾ ಮಾಲೂರು ಕಡೆಯ ಹಿರಿಯರ ಮುಂದೆ ಇದನ್ನು ಓದಿದರೆ ಹೆಬ್ಬಾತನ್ನು ಬಿಟ್ಟು ಮಿಕ್ಕಿದ್ದೆಲ್ಲ ಪರಿಚಿತವೇ: ಹೆಣ್ಣು ನೋಡುವ ಶಾಸ್ತ್ರ, ಜಾತಕ, ಒಪ್ಪಂದ, ಲಗ್ನಪತ್ರಿಕೆ, ಹೆಣ್ಣು ಕರೆತರುವುದು.

ಕೋಲಾರ ಸೀಮೆಗೆ ಚೀನೀ ಮಾತು ಈಗ ತೀರ ದೂರದ್ದಲ್ಲ. ತೈವಾನಿನ ವಿಸ್ಟ್ರಾನ್ ಕಂಪನಿ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ 2020ರಲ್ಲಿ ಐಫೋನ್ ಜೋಡಣೆ ಆರಂಭಿಸಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಕೈಗೆ ಬಂತು. ದೇವನಹಳ್ಳಿಯ ಬಳಿ ತೈವಾನಿನದೇ ಆದ ಫಾಕ್ಸ್‌ಕಾನ್ ಇದೆ. ಇದಕ್ಕಿಂತ ಹಳೆಯ ನಂಟು ಸಿಂಗಪುರ, ಮಲೇಷ್ಯಾಗಳದು. ದಕ್ಷಿಣ ಚೀನದಿಂದ ಹೋದವರೂ ದಕ್ಷಿಣ ಭಾರತದಿಂದ ಹೋದವರೂ ಅಲ್ಲಿ ತಲೆಮಾರುಗಳಿಂದ ಅಕ್ಕಪಕ್ಕ ಬದುಕಿದ್ದಾರೆ. ಇಬ್ಬರಿಗೂ ಹುಟ್ಟಿದ ಮಕ್ಕಳಿಗೆ ‘ಚಿಂಡಿಯನ್’ ಎಂಬ ಹೆಸರೇ ಬಳಕೆಗೆ ಬಂದಿದೆ. ಅಂಥ ಊರುಗಳಲ್ಲಿ ನೆಲೆಸಿದ ಕನ್ನಡದ ಮನೆಗೆ ಚೀನೀ ಸೊಸೆಯೋ ಅಳಿಯನೋ ಬಂದರೆ, ಮದುವೆಯ ಏರ್ಪಾಡಿನಲ್ಲಿ ತೊಡಕಾಗುವುದು ಎರಡೂ ಕಡೆಯ ಆಚಾರ ಬೇರೆ ಎಂಬ ಕಾರಣಕ್ಕಲ್ಲ. ಮುಕ್ಕಾಲು ಪಾಲು ಒಂದೇ ಆಗಿದ್ದು, ಉಳಿದ ಕಾಲು ಪಾಲು ನೇರ ತಿರುಗುಮುರುಗಾಗಿರುವುದರಿಂದ. ತಿಂಗಳು, ಬಣ್ಣ, ಮುಯ್ಯಿಯ ಅಂಕಿ, ಹಣ ಯಾರ ಕೈಯಿಂದ ಯಾರ ಕೈಗೆ ಎಂಬುದು, ಊಟ, ಇಷ್ಟರಲ್ಲೇ ಎಡವುವುದು.

ಮೊದಲು ಕೇಳಬೇಕಾದ ಪ್ರಶ್ನೆ, ಆ ಮನೆಯವರು ಯಾವ ಸೀಮೆಯವರು ಎಂಬುದು. ಕ್ಯಾಂಟನೀಸ್, ಹೊಕ್ಕಿಯನ್, ಟಿಯೊಚು, ಹಕ್ಕಾ ಎಂದು ನುಡಿಗೊಂದು ಪದ್ಧತಿ ಉಂಟು. ಮೊರಸು ಒಕ್ಕಲಿಗರ ಮನೆಯ ಶಾಸ್ತ್ರ ಬಲಿಜರ ಮನೆಯದಕ್ಕಿಂತ ಬೇರೆ ಇರುವಂತೆ. ಚೀನದ ಮುಖ್ಯ ಭೂಭಾಗದಲ್ಲಿ 1950ರ ವಿವಾಹ ಕಾಯ್ದೆ ಹಿರಿಯರು ಗೊತ್ತುಮಾಡಿ ಹೇರುವ ಮದುವೆಯನ್ನು ರದ್ದುಮಾಡಿತು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಹಳೆಯ ಶಾಸ್ತ್ರಗಳಿಗೆ ಜಾಗವೇ ಇರಲಿಲ್ಲ. ಹೀಗಾಗಿ ಹಾಂಗ್‌ಕಾಂಗ್, ತೈವಾನ್, ಸಿಂಗಪುರ, ಮಲೇಷ್ಯಾಗಳ ಮನೆಗಳಲ್ಲೇ ಹಳೆಯ ಕ್ರಮ ಹೆಚ್ಚು ಉಳಿದಿದೆ. ಕೆಳಗೆ ಹೇಳುವ ಹಲವು ವಿವರ ಅಲ್ಲಿನ ದಕ್ಷಿಣ ಚೀನೀಯರ, ಅದರಲ್ಲೂ ಕ್ಯಾಂಟನೀಸ್ ಮನೆಗಳ ರೂಢಿ.

ಜಾತಕಕ್ಕೆ ಅವರಲ್ಲಿ ‘ಎಂಟು ಅಕ್ಷರ’ ಎಂದು ಹೆಸರು. ಹುಟ್ಟಿದ ವರ್ಷ, ತಿಂಗಳು, ದಿನ, ಗಳಿಗೆ, ಒಂದೊಂದಕ್ಕೆ ಎರಡೆರಡು ಅಕ್ಷರ. ಅದರ ಮೇಲೆ ಹನ್ನೆರಡು ಪ್ರಾಣಿಗಳ ಚಕ್ರ. ಒಂದೊಂದು ವರ್ಷಕ್ಕೆ ಒಂದೊಂದು ಪ್ರಾಣಿ. ಚಕ್ರದಲ್ಲಿ ಎದುರುಬದುರು ಕೂತ ಪ್ರಾಣಿಗಳಿಗೆ ಆಗಿಬರುವುದಿಲ್ಲ: ಇಲಿಗೆ ಕುದುರೆ, ಹುಲಿಗೆ ಕೋತಿ. ಆದ್ದರಿಂದ ಗಂಡು ಹೆಣ್ಣಿನ ನಡುವೆ ಆರು ವರ್ಷದ ಅಂತರವಿದ್ದರೆ ಹಳೆಯ ತಲೆಗಳು ಹಿಂಜರಿಯುತ್ತವೆ. ಇಲ್ಲಿನ ಮನೆಗಳಲ್ಲಿ ಗಂಡು ಐದಾರು ವರ್ಷ ದೊಡ್ಡವನಾದರೆ ಒಳ್ಳೆಯದೆಂಬ ಮಾತಿದೆ. ಅದೇ ಮಾತು ಅಲ್ಲಿ ಅಪಶಕುನವಾಗಿ ಕೇಳಿಸಬಹುದು. ಹಿಂದೆ ಹುಡುಗಿಯ ಎಂಟು ಅಕ್ಷರ ಬರೆದ ಚೀಟಿಯನ್ನು ಗಂಡಿನ ಮನೆಯ ಪಿತೃಪೀಠದ ಮುಂದೆ ಮೂರು ದಿನ ಇಡುತ್ತಿದ್ದರು. ಆ ಮೂರು ದಿನದಲ್ಲಿ ಬಟ್ಟಲು ಒಡೆಯದೆ, ಜಗಳವಾಗದೆ, ಯಾರೂ ಕಾಯಿಲೆ ಬೀಳದೆ ಇದ್ದರೆ ಸಂಬಂಧ ಕೂಡಿಬಂತೆಂದು ಅರ್ಥ. ಮನೆದೇವರ ಮುಂದೆ ಕೂತು ಬಲಗಡೆ ಹೂವಿಗಾಗಿ ಕಾಯುವ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರಕ್ತಸಂಬಂಧದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಒಂದೇ ಮನೆತನದ ಹೆಸರಿನವರು ಮದುವೆಯಾಗಬಾರದೆಂಬ ಹಳೆಯ ಚೀನೀ ಕಟ್ಟು ನಮ್ಮ ಗೋತ್ರ, ಬೆಡಗಿನ ಕಟ್ಟಿನಂಥದ್ದೇ. ಆದರೆ ಸೋದರಮಾವನಿಗೆ ಹೆಣ್ಣು ಕೊಡುವುದು, ಅತ್ತೆಯ ಮಗನಿಗೆ ಕೊಡುವುದು ಕೋಲಾರದ ಹಳ್ಳಿಗಳಲ್ಲಿ ಸಹಜವಾದರೆ, ಚೀನದಲ್ಲಿ ಮೂರು ತಲೆಮಾರಿನೊಳಗಿನ ರಕ್ತಸಂಬಂಧಿಗಳ ಮದುವೆಯನ್ನು 1980ರ ಕಾಯ್ದೆಯೇ ನಿಷೇಧಿಸಿತು. ಬೀಗರ ಮುಂದೆ ವಂಶದ ಪರಿಚಯ ಮಾಡಿಕೊಡುವಾಗ ಇದು ತಿಳಿದಿರಬೇಕು.

ದಿನ ಗೊತ್ತುಮಾಡುವುದು ಇಡೀ ಏರ್ಪಾಡಿನಲ್ಲೇ ಕಷ್ಟದ ಕೆಲಸ. ಚೀನೀಯರದೂ ಪಂಚಾಂಗವೇ. ಕ್ಯಾಂಟನೀಸರು ಅದನ್ನು ‘ತುಂಗ್ ಶಿಂಗ್’ ಎನ್ನುತ್ತಾರೆ. ಯಾವ ದಿನ ಮದುವೆಗೆ ಆಗುತ್ತದೆ, ಯಾವ ದಿನ ಯಾವ ಪ್ರಾಣಿಯವರಿಗೆ ಆಗದು ಎಂದು ದಿನದಿನದ ಲೆಕ್ಕ ಅದರಲ್ಲಿದೆ. ಅವರ ತಿಂಗಳೂ ಅಮಾವಾಸ್ಯೆಯಿಂದಲೇ ಎಣಿಕೆಯಾಗುವುದರಿಂದ ಎರಡೂ ಪಂಚಾಂಗ ಬಹುಮಟ್ಟಿಗೆ ಜೊತೆಜೊತೆಯಾಗಿ ನಡೆಯುತ್ತವೆ. ಅವರ ಹೊಸ ವರ್ಷ ಸಾಮಾನ್ಯವಾಗಿ ನಮ್ಮ ಮಾಘ ಶುದ್ಧ ಪಾಡ್ಯದ ಆಸುಪಾಸು. ಹಾಗೆ ಎಣಿಸುತ್ತ ಹೋದರೆ ಅವರ ಏಳನೆಯ ತಿಂಗಳು ನಮ್ಮ ಶ್ರಾವಣಕ್ಕೆ ಕೂಡುತ್ತದೆ. ತೊಡಕಿರುವುದು ಇಲ್ಲೇ. ಆಷಾಢ ಕಳೆದು ಶ್ರಾವಣ ಬಂತೆಂದರೆ ಕೋಲಾರದ ಛತ್ರಗಳೆಲ್ಲ ತುಂಬುತ್ತವೆ. ಚೀನೀಯರಿಗೆ ಅದೇ ಏಳನೆಯ ತಿಂಗಳು ಸತ್ತವರು ಮೇಲೆ ಬರುವ ತಿಂಗಳು. ನಮ್ಮ ಪಿತೃಪಕ್ಷದ ಹಾಗೆ. ಆ ತಿಂಗಳಲ್ಲಿ ಮದುವೆ ಎಂದರೆ ಅಲ್ಲಿನ ಅಜ್ಜಿಯರು ಒಪ್ಪುವುದಿಲ್ಲ. ಅಧಿಕ ಮಾಸ ಎರಡು ಪಂಚಾಂಗಗಳಲ್ಲೂ ಒಂದೇ ವರ್ಷ ಬೀಳದ ಕಾರಣ ಕೆಲವು ವರ್ಷ ಈ ಲೆಕ್ಕ ಒಂದು ತಿಂಗಳು ಹಿಂದುಮುಂದಾಗುತ್ತದೆ. 2025ರಲ್ಲಿ ಹಾಗೆಯೇ ಆಯಿತು. ನಮ್ಮ ಕಡೆ ಆಷಾಢ, ಪಿತೃಪಕ್ಷ, ಧನುರ್ಮಾಸ ಬಿಟ್ಟು, ಅವರ ಕಡೆ ಏಳನೆಯ ತಿಂಗಳನ್ನೂ ಏಪ್ರಿಲ್ ಮೊದಲ ವಾರದಲ್ಲಿ ಹಿರಿಯರ ಸಮಾಧಿಗೆ ಹೋಗುವ ಛಿಂಗ್‌ಮಿಂಗ್ ದಿನಗಳನ್ನೂ ಬಿಟ್ಟರೆ ಮಾಘ, ಫಾಲ್ಗುಣ, ವೈಶಾಖ, ಜ್ಯೇಷ್ಠ ಕೈಗೆ ಸಿಗುತ್ತವೆ. ವೈಶಾಖವೇ ಎಲ್ಲಕ್ಕಿಂತ ಒಳ್ಳೆಯದು. ಬಂದ ಬೀಗರಿಗೆ ಶ್ರೀನಿವಾಸಪುರದ ಮಾವಿನಹಣ್ಣಾದರೂ ಸಿಕ್ಕುತ್ತದೆ.

ತಿಂಗಳಲ್ಲದೆ ವರ್ಷದ ಲೆಕ್ಕವೂ ಉಂಟು. ವಸಂತ ಹುಟ್ಟುವ ದಿನ, ಅಂದರೆ ಫೆಬ್ರವರಿ 3 ಅಥವಾ 4, ಚೀನೀ ವರ್ಷದೊಳಗೆ ಬೀಳದಿದ್ದರೆ ಅದು ಮದುವೆಗೆ ಆಗದ ‘ವಿಧವೆಯ ವರ್ಷ’. 2024ರ ಫೆಬ್ರವರಿ 10ಕ್ಕೆ ಹುಟ್ಟಿದ ಡ್ರ್ಯಾಗನ್ ವರ್ಷ ಅಂಥದ್ದು. ಚೀನದಲ್ಲಿ 2023ರಲ್ಲಿ ಸುಮಾರು 76.8 ಲಕ್ಷ ಮದುವೆಗಳು ನೋಂದಣಿಯಾಗಿದ್ದರೆ 2024ರಲ್ಲಿ ಆದದ್ದು 61 ಲಕ್ಷ. ಮದುವೆಯ ವಯಸ್ಸಿನವರೇ ಕಡಿಮೆಯಾಗಿರುವುದು, ಖರ್ಚು, ಕೆಲಸದ ಅಭದ್ರತೆ ಇದಕ್ಕೆ ದೊಡ್ಡ ಕಾರಣಗಳು. ಈ ನಂಬಿಕೆಗೂ ಅದರಲ್ಲಿ ಪಾಲಿದೆ ಎಂದು ಹಲವರು ಎಣಿಸಿದ್ದಾರೆ. ಮುಂದಿನ ಹಾವಿನ ವರ್ಷದಲ್ಲಿ ವಸಂತ ಎರಡು ಸಲ ಬಂತು, ಅದು ಶುಭ.

ಪಂಚಾಂಗದ ಜೊತೆಗೆ ಕಾನೂನಿನ ದಿನಗಳನ್ನೂ ಎಣಿಸಬೇಕು. ಬೇರೆ ಬೇರೆ ಧರ್ಮದ, ಬೇರೆ ದೇಶದ ಇಬ್ಬರು ಭಾರತದಲ್ಲಿ ಮದುವೆಯಾಗಲು ಸಾಮಾನ್ಯವಾಗಿ ಹಿಡಿಯುವ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಕೋಲಾರ ಜಿಲ್ಲೆಯಲ್ಲೇ ಆಗಬೇಕೆಂದರೆ ಇಬ್ಬರಲ್ಲಿ ಒಬ್ಬರು ನೋಟಿಸ್ ಕೊಡುವ ಮುನ್ನ ಕನಿಷ್ಠ 30 ದಿನ ಜಿಲ್ಲೆಯಲ್ಲಿ ವಾಸವಿರಬೇಕು. ನೋಟಿಸ್ ಪ್ರಕಟವಾದ ಮೇಲೆ ಆಕ್ಷೇಪಣೆಗೆ 30 ದಿನ. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ, ಮೂವರು ಸಾಕ್ಷಿಗಳ ಮುಂದೆ ಮದುವೆ ಮುಗಿಯಬೇಕು. ಇಲ್ಲದಿದ್ದರೆ ಮತ್ತೆ ಮೊದಲಿನಿಂದ. ರಜೆ ಹಾಕಿ ಹದಿನೈದು ದಿನಕ್ಕೆಂದು ಊರಿಗೆ ಬರುವವರು ಇದನ್ನು ತಿಳಿಯದೆ ಲಗ್ನಪತ್ರಿಕೆ ಅಚ್ಚುಹಾಕಿಸಬಾರದು. ಚೀನದಲ್ಲಿ ನೋಂದಣಿಗೆ ಗಂಡಿಗೆ 22, ಹೆಣ್ಣಿಗೆ 20 ತುಂಬಿರಬೇಕು.

ಇನ್ನು ಉಡುಗೊರೆಯ ಶಾಸ್ತ್ರ. ಅದನ್ನು ‘ಗುವೊ ದಾ ಲಿ’ ಎನ್ನುತ್ತಾರೆ. ಮದುವೆಗೆ ಎರಡು ಮೂರು ವಾರ ಮುಂಚೆ ಗಂಡಿನ ಕಡೆಯವರು ಕೆಂಪು ಬುಟ್ಟಿ, ತಟ್ಟೆಗಳಲ್ಲಿ ಸಾಮಾನು ತುಂಬಿಕೊಂಡು ಹೆಣ್ಣಿನ ಮನೆಗೆ ಬರುತ್ತಾರೆ. ಡ್ರ್ಯಾಗನ್ ಮತ್ತು ಫೀನಿಕ್ಸ್ ಚಿತ್ರದ ಜೋಡಿ ಮೇಣದಬತ್ತಿ, ಚಹಾ, ಮದುವೆಯ ಸಿಹಿಬಿಲ್ಲೆಗಳು, ಒಣಗಿಸಿದ ಸಮುದ್ರದ ಪದಾರ್ಥ, ಹಣ್ಣು, ಚಿನ್ನ. ಕ್ಯಾಂಟನೀಸರ ತಟ್ಟೆಯಲ್ಲಿ ಇವುಗಳ ನಡುವೆ ಜೋಡಿ ತೆಂಗಿನಕಾಯಿ ಇರುತ್ತದೆ, ಅಡಿಕೆಯೂ ಇರುತ್ತದೆ. ತೆಂಗಿನಕಾಯಿಯ ಚೀನೀ ಹೆಸರು ‘ಅಜ್ಜ, ಮಗ’ ಎಂಬ ಅರ್ಥದ ಮಾತಿನಂತೆ ಕೇಳಿಸುತ್ತದೆ. ವಂಶ ಬೆಳೆಯಲಿ ಎಂಬ ಹಾರೈಕೆ. ಅಡಿಕೆಯ ಹೆಸರಿನಲ್ಲಿ ಗೌರವದ ಅತಿಥಿ ಎಂಬ ದನಿ ಇದೆ. ಚಪ್ಪರದ ಕೆಳಗೆ ತಾಂಬೂಲ ಬದಲಾಯಿಸಿಕೊಂಡು ಮಾತು ಗಟ್ಟಿ ಮಾಡುವ ಸೀಮೆಗೆ ಈ ತಟ್ಟೆ ಬಂದರೆ ಅದರ ಪಕ್ಕದಲ್ಲೇ ವೀಳ್ಯದೆಲೆ ಇಟ್ಟು ಎರಡು ಶಾಸ್ತ್ರವನ್ನೂ ಒಂದೇ ಹೊತ್ತಿಗೆ ಮುಗಿಸಬಹುದು. ಇದಕ್ಕಿಂತ ಸುಂದರವಾದ ಒಪ್ಪಂದದ ಶಾಸ್ತ್ರ ಸಿಕ್ಕುವುದು ಕಷ್ಟ. ಹೆಣ್ಣಿನ ಕಡೆಯವರು ಬಂದದ್ದರಲ್ಲಿ ಒಂದು ಪಾಲು ಇಟ್ಟುಕೊಂಡು ಉಳಿದದ್ದನ್ನು ಹಿಂದಿರುಗಿಸುತ್ತಾರೆ. ತಟ್ಟೆ ಬರಿದಾಗಿ ಹಿಂತಿರುಗಬಾರದು.

ಹಣದ ಮಾತು ಇಲ್ಲಿಯೇ ಬರುತ್ತದೆ. ಚೀನೀ ಮದುವೆಯಲ್ಲಿ ಹಣ ಗಂಡಿನ ಮನೆಯಿಂದ ಹೆಣ್ಣಿನ ಮನೆಗೆ ಹೋಗುತ್ತದೆ. ವರದಕ್ಷಿಣೆಯ ಪಿಡುಗು ಕಂಡ ನಮಗೆ ಇದು ವಿಚಿತ್ರವಾಗಿ ತೋರಬಹುದು. ಆದರೆ ಇಲ್ಲಿಗೂ ಇದು ಹೊಸದಲ್ಲ. ಹಳೆಯ ಮೈಸೂರು ಸೀಮೆಯ ಅನೇಕ ಜಾತಿಗಳಲ್ಲಿ ಗಂಡಿನವರು ಹೆಣ್ಣಿನ ತಂದೆಗೆ ‘ತೆರ’ ಕೊಡುತ್ತಿದ್ದರು. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಬುಡಕಟ್ಟು, ಜಾತಿಗಳ ಸಂಪುಟಗಳಲ್ಲಿ ತೆರದ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಚೀನದಲ್ಲಿ ಈ ಹಣ ಗ್ರಾಮೀಣ ಕುಟುಂಬಗಳ ಬೆನ್ನು ಮುರಿಯುವಷ್ಟು ಬೆಳೆದು, ಮದುವೆ ಮುರಿದಾಗ ಅದನ್ನು ಹಿಂದಿರುಗಿಸುವ ಬಗ್ಗೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ನಿಯಮ ಹೊರಡಿಸಬೇಕಾಯಿತು; 2024ರ ಫೆಬ್ರವರಿ 1ರಿಂದ ಅದು ಜಾರಿಯಲ್ಲಿದೆ. ಭಾರತದಲ್ಲಿ 1961ರ ವರದಕ್ಷಿಣೆ ನಿಷೇಧ ಕಾಯ್ದೆ ಎರಡು ಕಡೆಯವರಲ್ಲಿ ಯಾರು ಯಾರಿಗೆ ಕೊಟ್ಟರೂ ಅನ್ವಯಿಸುವಂತೆ ಬರೆದದ್ದು. ಆದ್ದರಿಂದ ಕೆಂಪು ಲಕೋಟೆಯಲ್ಲಿ ಶಾಸ್ತ್ರಕ್ಕೆಂದು ಒಂದಿಷ್ಟು ಇಟ್ಟು, ಚೌಕಾಸಿಗೆ ಆಸ್ಪದವೇ ಕೊಡದಿರುವುದು ಸರಿಯಾದ ದಾರಿ.

ಮದುವೆಗೆ ಕೆಲವು ದಿನ ಮುಂಚೆ ಹೊಸ ಹಾಸಿಗೆ ಹಾಸುವ ಶಾಸ್ತ್ರ. ಅದನ್ನು ಯಾರೋ ಹಾಸುವಂತಿಲ್ಲ. ಗಂಡ ಬದುಕಿದ್ದು, ಗಂಡುಮಕ್ಕಳೂ ಹೆಣ್ಣುಮಕ್ಕಳೂ ಇರುವ, ಸುಖಸಂಸಾರದ ಹೆಂಗಸೇ ಆಗಬೇಕು. ಕನ್ನಡದಲ್ಲಿ ಒಂದೇ ಪದ ಸಾಕು: ಮುತ್ತೈದೆ. ಹಾಸಿಗೆಯ ಮೇಲೆ ಕೆಂಪು ಖರ್ಜೂರ, ಕಡಲೆಕಾಯಿ, ಲಾಂಗನ್ ಹಣ್ಣು, ತಾವರೆಬೀಜ ಚೆಲ್ಲುತ್ತಾರೆ. ನಾಲ್ಕರ ಹೆಸರನ್ನೂ ಸೇರಿಸಿ ಹೇಳಿದರೆ ಬೇಗ ಒಳ್ಳೆಯ ಮಗು ಹುಟ್ಟಲಿ ಎಂಬ ಅರ್ಥ ಬರುತ್ತದೆ. ಮದುವೆಯ ಹಿಂದಿನ ರಾತ್ರಿ ಅವರವರ ಮನೆಯಲ್ಲಿ ಚಕ್ಕೋತದ ಎಲೆ ಹಾಕಿದ ನೀರಿನಲ್ಲಿ ಸ್ನಾನ, ಹೊಸ ಬಟ್ಟೆ. ಆಮೇಲೆ ಅಂಥ ಮುತ್ತೈದೆಯೇ ನಾಲ್ಕು ಸಲ ತಲೆ ಬಾಚುತ್ತಾಳೆ, ಪ್ರತಿ ಸಲಕ್ಕೂ ಒಂದು ಹಾರೈಕೆ. ಹುಡುಗ, ಹುಡುಗಿ ದೊಡ್ಡವರಾದರು ಎಂಬುದರ ಗುರುತು ಅದು. ಅರಿಶಿನದ ಶಾಸ್ತ್ರವೂ ಬಳೆ ತೊಡಿಸುವುದೂ ಅದೇ ದಿನ ಇದ್ದರೆ ಅರಿಶಿನದ ನೀರು ಹುಯ್ದ ಮೇಲೆ, ಬಳೆ ತೊಡಿಸುವ ಮುಂಚೆ ತಲೆ ಬಾಚುವುದನ್ನು ಇಟ್ಟುಕೊಳ್ಳಬಹುದು. ಅರಿಶಿನ ಹಚ್ಚಿಕೊಂಡ ಮೈಯ ಮೇಲೆ ಮತ್ತೆ ಚಕ್ಕೋತದ ನೀರು ಹುಯ್ಯುವುದಕ್ಕೆ ಇಲ್ಲಿನ ಅಜ್ಜಿಯರು ಒಪ್ಪಲಾರರು. ಆ ಎಲೆಗಳನ್ನು ಮೊದಲೇ ಅರಿಶಿನದ ನೀರಿನ ಹಂಡೆಗೆ ಹಾಕಿದರೆ ಮುಗಿಯಿತು.

ಮದುವೆಯ ಬೆಳಿಗ್ಗೆ ಗಂಡು ಬಂದಾಗ ಹುಡುಗಿಯ ಗೆಳತಿಯರು ಬಾಗಿಲು ತಡೆದು ಆಟವಾಡಿಸಿ ಕೆಂಪು ಲಕೋಟೆ ವಸೂಲಿ ಮಾಡುತ್ತಾರೆ. ನಮ್ಮಲ್ಲಿ ಹೊಸಿಲಲ್ಲಿ ತಡೆದು ಹೆಂಡತಿಯ ಹೆಸರು ಹೇಳಿಸುವುದು ಇಂಥದ್ದೇ. ಹೊತ್ತು ಸಾಲದಿದ್ದರೆ ಮೊದಲು ಬಿಡಬೇಕಾದದ್ದು ಈ ಆಟವನ್ನೇ.

ಬಿಡಬಾರದ್ದು ಚಹಾ ಕೊಡುವ ಶಾಸ್ತ್ರ. ಆಕಾಶ, ಭೂಮಿಗೆ ಒಮ್ಮೆ, ತಂದೆತಾಯಿಗೆ ಒಮ್ಮೆ, ಪರಸ್ಪರ ಒಮ್ಮೆ ತಲೆಬಾಗುವುದು ಹಳೆಯ ಕಾಲದ ಮುಖ್ಯ ವಿಧಿ. ಈಗಿನ ಚೀನೀ ಮನೆಗಳಲ್ಲಿ, ಮುಖ್ಯವಾಗಿ ಹೊರದೇಶದಲ್ಲಿರುವವರಲ್ಲಿ, ಮದುವೆ ಆಯಿತೆನ್ನಿಸುವುದು ಚಹಾದಿಂದ. ಚಹಾದ ಗಿಡವನ್ನು ಕಿತ್ತು ಬೇರೆಡೆ ನೆಟ್ಟರೆ ಬದುಕದು, ಬೀಜದಿಂದಲೇ ಏಳಬೇಕು ಎಂಬ ಹಳೆಯ ನಂಬಿಕೆಯಿಂದ ಅದು ಅಚಲ ಸಂಬಂಧದ ಗುರುತಾಯಿತು. ಬಟ್ಟಲಿಗೆ ಕೆಂಪು ಖರ್ಜೂರ, ತಾವರೆಬೀಜ ಹಾಕುತ್ತಾರೆ. ಹಿರಿಯರು ಜೋಡಿಯಾಗಿ ಕುರ್ಚಿಯಲ್ಲಿ ಕೂರುತ್ತಾರೆ. ಹೊಸ ಜೋಡಿ ಕೆಂಪು ದಿಂಬಿನ ಮೇಲೆ ಮಂಡಿಯೂರಿ, ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಕೊಡಬೇಕು. ಕೊಡುವಾಗ ಸಂಬಂಧದ ಹೆಸರು ಹಿಡಿದು ಕರೆಯಬೇಕು. ಹಿರಿಯರು ಒಂದು ಗುಟುಕು ಕುಡಿದು, ಹರಸಿ, ತಟ್ಟೆಯ ಮೇಲೆ ಕೆಂಪು ಲಕೋಟೆಯನ್ನೋ ಬಳೆಯನ್ನೋ ಇಡುತ್ತಾರೆ. ಅಲ್ಲಿಯವರೆಗೆ ಹೊರಗಿನವಳಾಗಿದ್ದ ಹುಡುಗಿ ಆ ಕರೆಯೊಂದಿಗೆ ಆ ಮನೆಯವಳಾಗುತ್ತಾಳೆ.

ಕರೆಯುವ ಹೆಸರೇ ಇಲ್ಲಿ ಎಲ್ಲ. ತಂದೆಯ ಅಣ್ಣನಿಗೊಂದು ಹೆಸರು, ತಮ್ಮನಿಗೆ ಬೇರೆ, ತಾಯಿಯ ಅಣ್ಣತಮ್ಮಂದಿರಿಗೆ ಬೇರೆ, ತಂದೆಯ ಅಕ್ಕತಂಗಿಯರಿಗೆ ಬೇರೆ. ಅಂಕಲ್, ಆಂಟಿ ಎಂಬ ಇಂಗ್ಲಿಷ್ ಮಾತಿನಲ್ಲಿ ಈ ವ್ಯತ್ಯಾಸವೆಲ್ಲ ಅಳಿಸಿಹೋಗುತ್ತದೆ. ಕನ್ನಡದಲ್ಲಿ ಹಾಗಲ್ಲ: ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಸೋದರತ್ತೆ ಎಂದು ಎಲ್ಲಕ್ಕೂ ಪದವಿದೆ. ಆದ್ದರಿಂದ ಮದುವೆಗೆ ತಿಂಗಳ ಮುಂಚೆ ಒಂದು ಹಾಳೆಯಲ್ಲಿ ಚೀನೀ ಹೆಸರಿನ ಎದುರಿಗೆ ಇಂಗ್ಲಿಷ್ ಬರೆಯದೆ ಕನ್ನಡದ ಹೆಸರನ್ನೇ ಬರೆದುಕೊಂಡರೆ ಹುಡುಗನಿಗೂ ಹುಡುಗಿಗೂ ಬೇಗ ಬಾಯಿಗೆ ಬರುತ್ತದೆ. ಹಿರಿತನದ ಸರದಿಯನ್ನೂ ಅದೇ ಹಾಳೆಯಲ್ಲಿ ಹೆಣ್ಣಿನ ತಾಯಿಯನ್ನೂ ಗಂಡಿನ ತಾಯಿಯನ್ನೂ ಕೇಳಿ ಬರೆಯಬೇಕು. ಸರದಿ ತಪ್ಪಿದರೆ ಆಗುವ ಮನಸ್ತಾಪ ಎರಡು ನಾಡಿನಲ್ಲೂ ಒಂದೇ. ತಾಯಿಯ ಅಣ್ಣತಮ್ಮಂದಿರಿಗೆ ಚೀನೀ ಔತಣದಲ್ಲಿ ಮೊದಲ ಮಣೆ. ಹುಡುಗಿಯನ್ನು ಮಂಟಪಕ್ಕೆ ಕರೆತರುವ ಹಕ್ಕು ಸೋದರಮಾವನದು ಎನ್ನುವ ಇಲ್ಲಿನವರಿಗೆ ಅದು ನ್ಯಾಯವಾಗಿಯೇ ಕಾಣುತ್ತದೆ. ಧಾರೆ, ತಾಳಿ, ಸಪ್ತಪದಿ ಮುಗಿದ ಮೇಲೆ ಅದೇ ಮಂಟಪದಲ್ಲಿ ಹಸೆಮಣೆ ತೆಗೆದು ಕುರ್ಚಿ ಹಾಕಿದರೆ ಚಹಾದ ಶಾಸ್ತ್ರ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಧಾರೆಗೆ ಮುಂಚೆ ಇಡಬಾರದು. ಮುಹೂರ್ತದ ಗಳಿಗೆ ಕಾಯುವುದಿಲ್ಲ.

ಬಟ್ಟೆಯ ಬಣ್ಣ ನಾಜೂಕಿನ ವಿಷಯ. ಚೀನೀಯರಿಗೆ ಕೆಂಪು ಮಂಗಳ, ಬಿಳಿ ಸೂತಕ. ಗೋಡೆಗೆ, ಲಕೋಟೆಗೆ, ಮೇಣದಬತ್ತಿಗೆ ಎಲ್ಲಕ್ಕೂ ‘ಜೋಡಿ ಸಂತೋಷ’ದ ಅಕ್ಷರವನ್ನು ಕೆಂಪಿನಲ್ಲೇ ಕತ್ತರಿಸಿ ಅಂಟಿಸುತ್ತಾರೆ. ಇಲ್ಲಿ ಗಂಡು ಉಡುವುದು ಬಿಳಿ ಪಂಚೆ, ಶಲ್ಯ. ಅನೇಕ ಮನೆಗಳಲ್ಲಿ ಧಾರೆ ಸೀರೆಯೂ ಬಿಳಿ ಅಥವಾ ಕೆನೆಬಣ್ಣದ್ದು. ಅದನ್ನು ಬದಲಾಯಿಸಬೇಕಿಲ್ಲ, ಬೀಗರಿಗೆ ಮುಂಚೆಯೇ ತಿಳಿಸಿದರೆ ಸಾಕು. ಕೆಂಪು ಅಂಚು ಅಗಲವಾಗಿದ್ದಷ್ಟೂ ಒಳ್ಳೆಯದು. ಚಹಾದ ಹೊತ್ತಿಗೆ ಹುಡುಗಿ ಕೆಂಪು ರೇಷ್ಮೆಗೆ ಬದಲಾಯಿಸಬಹುದು. ಕ್ಯಾಂಟನೀಸ್ ಮದುಮಗಳು ತೊಡುವ, ಚಿನ್ನ ಬೆಳ್ಳಿಯ ಎಳೆಯಲ್ಲಿ ಡ್ರ್ಯಾಗನ್, ಫೀನಿಕ್ಸ್ ಕಸೂತಿ ಮಾಡಿದ ‘ಕುನ್ ಗ್ವಾ’ ಕೂಡ ರೇಷ್ಮೆಯದೇ. ರೇಷ್ಮೆಹುಳು ಸಾಕುವ ವಿದ್ಯೆ ಹುಟ್ಟಿದ್ದು ಚೀನದಲ್ಲಿ. ಕೋಲಾರದ ಹಳ್ಳಿಗಳ ಹಿಪ್ಪುನೇರಳೆ ತೋಟಗಳಲ್ಲಿ ಇಂದು ಬೆಳೆಯುವ ಗೂಡಿನ ಮೂಲವೂ ಅಲ್ಲಿಗೇ ಮುಟ್ಟುತ್ತದೆ. ಕರ್ನಾಟಕದ ಮಗ್ಗಗಳಲ್ಲಿ ಹಾಸಿಗೆ ಚೀನೀ ನೂಲು, ಹೊಕ್ಕಿಗೆ ನಾಡಿನ ನೂಲು ಹಾಕಿ ನೇಯ್ದ ಸೀರೆಗಳು ಬೇಕಾದಷ್ಟಿವೆ. ಅಂಥ ಒಂದು ಸೀರೆ ಈ ಮದುವೆಗೆ ಅತ್ಯಂತ ತಕ್ಕದ್ದು.

ಔತಣದಲ್ಲಿ ಎರಡು ಲೆಕ್ಕಗಳು ಢಿಕ್ಕಿ ಹೊಡೆಯುತ್ತವೆ. ಚೀನೀಯರು ಮೇಜಿನ ಲೆಕ್ಕದಲ್ಲಿ ಕರೆಯುತ್ತಾರೆ, ಮೇಜೊಂದಕ್ಕೆ ಹತ್ತು ಜನ. ಬರುವವರು ಮೊದಲೇ ತಿಳಿಸಿರುತ್ತಾರೆ. ಇಲ್ಲಿ ಪಂಕ್ತಿಯ ಲೆಕ್ಕ. ಮೊದಲ ಪತ್ರಿಕೆಯನ್ನು ಕುರುಡುಮಲೆ ಗಣಪನ ಮುಂದಿಟ್ಟು, ಆಮೇಲೆ ಮನೆಮನೆಗೂ ಹೋಗಿ ಕರೆದರೆ ಊರಿಗೆ ಊರೇ ಬರುತ್ತದೆ. ಚೀನೀ ಔತಣಕ್ಕೆ ಎಂಟು ಬಗೆಯಾದರೂ ಬೇಕು, ಇಡೀ ಮೀನು ಬೇಕು. ಮೀನಿನ ಹೆಸರಿಗೆ ಸಮೃದ್ಧಿ ಎಂಬ ದನಿ. ಮುಹೂರ್ತದ ಊಟ ಇಲ್ಲಿ ಸಿಹಿಯೂಟ, ಮಾಂಸ ಸೇರಿಸುವಂತಿಲ್ಲ. ದಾರಿ ಮೊದಲೇ ಇದೆ: ಬೀಗರೂಟ. ಮೀನು, ಕೋಳಿ, ಮಟನ್ ಸಾರು, ರಾಗಿ ಮುದ್ದೆ ಎಲ್ಲವನ್ನೂ ಆ ದಿನಕ್ಕೆ ಇಟ್ಟುಕೊಂಡರೆ ಇಬ್ಬರಿಗೂ ತೃಪ್ತಿ.

ಮುಯ್ಯಿಯ ಪುಸ್ತಕದ ಹತ್ತಿರ ಕೂರುವವರಿಗೆ ಒಂದು ಮಾತು ಹೇಳಿಡಬೇಕು. ಇಲ್ಲಿ ನೂರಾ ಒಂದು, ಐನೂರಾ ಒಂದು, ಸಾವಿರದ ಒಂದು; ಆ ಒಂದು ರೂಪಾಯಿ ಇಲ್ಲದ ಮುಯ್ಯಿ ಅಪೂರ್ಣ. ಚೀನೀಯರಲ್ಲಿ ಶುಭವೆಲ್ಲ ಜೋಡಿಯಾಗಿ ಬರಬೇಕು. ಬೆಸ ಮೊತ್ತ ಮದುವೆಗೆ ಆಗದು, ನಾಲ್ಕು ಸೇರಲೇಬಾರದು, ಏಕೆಂದರೆ ನಾಲ್ಕರ ಹೆಸರು ಸಾವಿನ ಹೆಸರಿನಂತೆ ಕೇಳಿಸುತ್ತದೆ. ಎಂಟು ಎಲ್ಲಕ್ಕಿಂತ ಒಳ್ಳೆಯದು. ಲಕೋಟೆ ಕೆಂಪಾಗಿರಬೇಕು, ಗಡಿಯಾರವನ್ನು ಉಡುಗೊರೆ ಕೊಡಬಾರದು. ಕೊಟ್ಟವರ ಹೆಸರು, ಮೊತ್ತ ಬರೆದಿಡುವ ಪುಸ್ತಕ ಅವರಲ್ಲೂ ಇದೆ, ಮುಂದೆ ಅವರ ಮನೆಯ ಮದುವೆಗೆ ತಿರುಗಿಸಬೇಕೆಂಬ ಋಣವೂ ಇದೆ. ಯಾನ್ ಯುನ್‌ಶಿಯಾಂಗ್ ಎಂಬ ಮಾನವಶಾಸ್ತ್ರಜ್ಞ ಈಶಾನ್ಯ ಚೀನದ ಒಂದು ಹಳ್ಳಿಯ ಇಂಥ ಪುಸ್ತಕಗಳನ್ನೇ ಆಧಾರವಾಗಿ ಹಿಡಿದು ಕೊಡುಕೊಳ್ಳುವಿಕೆಯ ಅಧ್ಯಯನವನ್ನು 1996ರಲ್ಲಿ ಪ್ರಕಟಿಸಿದರು. ಅಲ್ಲಿನ ಪುಸ್ತಕದಲ್ಲೂ ಇಲ್ಲಿನ ಪುಸ್ತಕದಲ್ಲೂ ಇರುವುದು ಊರಿನ ಸಂಬಂಧಗಳ ನಕ್ಷೆ.

ಕೊನೆಯದು ಮೂರನೆಯ ದಿನ ತವರಿಗೆ ಹೋಗಿ ಬರುವುದು. ಗಂಡ ಹೆಂಡತಿ ಇಬ್ಬರೂ ಉಡುಗೊರೆಯೊಂದಿಗೆ ಹೋಗುತ್ತಾರೆ. ಕ್ಯಾಂಟನೀಸರಲ್ಲಿ ಇಡಿಯಾಗಿ ಹುರಿದ ಹಂದಿ ಒಯ್ಯುವುದು ವಾಡಿಕೆ. ತವರಿನವರು ಅದರಲ್ಲಿ ಒಂದು ಪಾಲನ್ನು ಹಿಂದಿರುಗಿಸುತ್ತಾರೆ. ಹಂದಿ ಒಲ್ಲದ ಮನೆಗೆ ಸಿಹಿಬಿಲ್ಲೆ, ಹಣ್ಣು ಒಯ್ದರೂ ಸಲ್ಲುತ್ತದೆ. ಹೆಣ್ಣು ಕೋಲಾರ ಕಡೆಯವಳಾದರೆ ಬೀಗರೂಟವನ್ನು ಇದೇ ದಿನಕ್ಕೆ ಇಟ್ಟುಕೊಳ್ಳಬಹುದು. ಊಟವನ್ನು ಮಧ್ಯಾಹ್ನವೇ ಬಡಿಸಿಬಿಡಬೇಕು. ಚೀನೀ ಪದ್ಧತಿಯಲ್ಲಿ ಆ ದಿನ ಹೊತ್ತು ಮುಳುಗುವುದರೊಳಗೆ ಹುಡುಗಿ ಗಂಡನ ಮನೆ ಸೇರಿರಬೇಕು.